ಸತ್ತುಹೋದ ನಲವತ್ತೇಳು

ಸಂಕರ್ಷಣ ಆ ಹಕ್ಕಿಯನ್ನು ಕೊಂದದ್ದು ಬರೀ ಪೆನ್ನಿನಿಂದ. ಅದೂ ಭಜನಾಮಂದಿರದ ಜಗಲಿಯಲ್ಲಿ ಕುಳಿತು.

ಠಾಣೆ ಖಾಡಿಯ ಹಿನ್ನೀರಿನ ನಡುವಿನ ಕೆಸರುದ್ವೀಪಕ್ಕೆ ಚಳಿಗಾಲದಲ್ಲಿ ಬರುವ ಬಿಳಿಯ ಕಡಲಹಕ್ಕಿಗಳನ್ನು ಹಿಡಿದು, ಕಾಲಿಗೆ ನಂಬರಿನ ಕೆಂಪು ಬಳೆ ತೊಡಿಸಿ ಬಿಡುವುದು ನಿವೃತ್ತ ಪ್ರೊಫೆಸರ್ ಮುರಾರಿರಾಯರ ಹುಚ್ಚು. ಗಿರಣಿ ಮುಷ್ಕರದ ಆ ಚಳಿಗಾಲ ಮೊಣಕಾಲು ನೋವಿನಿಂದ ಅವರು ಮನೆ ಹಿಡಿದರು. ಭಾನುವಾರ ದೋಣಿಯಲ್ಲಿ ಹೋಗಿ, ಕಂಡ ನಂಬರುಗಳನ್ನು ಬರೆದು ತರುವ ಕೆಲಸ ದುಂಡಕ್ಷರದ ಗುಮಾಸ್ತ ಸಂಕರ್ಷಣನ ಪಾಲಿಗೆ ಬಂತು. ದೋಣಿ ಒಮ್ಮೆ ಓಲಾಡಿದ್ದೇ ತಡ, ಅವನು ಉಡುಪಿಯ ದೇವರನ್ನೆಲ್ಲ ಕರೆದು ದಡಕ್ಕೆ ಮರಳಿದ. ಮುಂದಿನ ನಾಲ್ಕು ಭಾನುವಾರ ಭಜನೆ ಕೇಳುತ್ತಲೇ, ಹಳೆಯ ಪುಟಗಳ ನಂಬರು ನೋಡಿ ರಾಯರ ಪುಸ್ತಕ ತುಂಬಿಸಿದ. ಎಲ್ಲವೂ ಬದುಕಿದ್ದರೆ ಅನುಮಾನ ಬಂದೀತೆಂದು ಒಂದು ಕಡೆ ‘47 – ಸತ್ತಿದೆ’ ಎಂದೂ ಬರೆದ.

ಇಂದು ಅವನ ಅಪ್ಪಯ್ಯನ ಶ್ರಾದ್ಧ. ಅಪ್ಪಯ್ಯ ಕಾವ್ಯ ವಾಚಿಸುತ್ತಿದ್ದವರು. ಸುಳ್ಳೆಂದರೆ ಸಗಣಿ ಮೆಟ್ಟಿದಂತೆ ಮುಖ ಮಾಡುತ್ತಿದ್ದವರು. ತಾರಸಿಯಲ್ಲಿ ಎಲೆಯ ಮೇಲಿಟ್ಟ ಅನ್ನವನ್ನು ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಗಂಟೆ ಒಂದಾದರೂ ಕಾಗೆಯ ಸುಳಿವಿಲ್ಲ. ಊಟಕ್ಕೆ ಬಂದವರ ಹೊಟ್ಟೆಗಳೇ ಕೂಗತೊಡಗಿದವು.

“ಅಪ್ಪಯ್ಯನಿಗೆ ಎಂತದ್ದೋ ಬೇಸರ ಉಂಟು ಮಾರಾಯ್ರೆ,” ಎಂದು ಪಕ್ಕದ ಮನೆಯ ಮೋಹನದಾಸ ತೀರ್ಪು ಕೊಟ್ಟ. “ಮಾಡಿದ ತಪ್ಪು ಹೇಳಿಬಿಡಿ. ಪಾಯಸ ತಣಿತದೆ.”

“ಪಾಸಿಲ್ಲದೆ ಲೋಕಲ್ ರೈಲು ಹತ್ತಿದ್ದು ಹೇಳಿ,” ಹೆಂಡತಿ ವಸಂತಿ ನೆನಪಿಸಿದಳು.

ಸಂಕರ್ಷಣ ಆಕಾಶಕ್ಕೆ ಕೈಮುಗಿದು ಹೇಳಿದ.

“ಆಫೀಸಿನ ಪೆನ್ಸಿಲು?”

ಅದನ್ನೂ ಹೇಳಿದ. ಕಾಗೆ ಬರಲಿಲ್ಲ, ಕೆಳಮಹಡಿಯವರು ಕೇಳಲು ಬಂದರು.

ಅಷ್ಟರಲ್ಲಿ ಕೋಲೂರುತ್ತ, ಕೊರಳಲ್ಲಿ ದುರ್ಬೀನು ತೂಗುತ್ತ ಮುರಾರಿರಾಯರೇ ಮೆಟ್ಟಿಲೇರಿ ಬಂದರು. “ಸಂಕರ್ಷಣಾ, ನನ್ನ ಪುಸ್ತಕ ಎಲ್ಲೆ ಅದನೋ?”

ವಸಂತಿ ಓಡಿಹೋಗಿ ತಂದುಕೊಟ್ಟಳು. ಸಂಕರ್ಷಣನ ಕಿವಿ ಕಾದ ಕಾವಲಿಯಾಯಿತು. ಅಪ್ಪಯ್ಯ ಯಾವುದಕ್ಕೆ ಮುನಿದಿದ್ದಾರೆಂದು ಅವನಿಗೀಗ ಸ್ಪಷ್ಟವಾಯಿತು. ಹೇಳದೆ ಗತಿಯಿಲ್ಲ. ಅದೂ ಇಷ್ಟು ಜನರೆದುರು, ರಾಯರೆದುರು.

“ಅಪ್ಪಯ್ಯಾ, ನಾನು ದ್ವೀಪಕ್ಕೆ...”

ಖಾಡಿಯ ಕಡೆಯಿಂದ ಬಿಳಿಯ ಹಕ್ಕಿಯೊಂದು ರಪ್ಪನೆ ಎರಗಿತು. ಅನ್ನದುಂಡೆ ಕಚ್ಚಿ ನೀರಿನ ಟಾಂಕಿಯ ಮೇಲೆ ಕುಳಿತಿತು. ಕಾಲಲ್ಲಿ ಕೆಂಪು ಬಳೆ.

“ಬಂದ್ರು! ಬಿಳಿ ಪಂಚೆ ಉಟ್ಟೇ ಬಂದಿದ್ದಾರೆ!” ವಸಂತಿ ಕಣ್ಣೊರೆಸಿಕೊಂಡಳು.

ಸಂಕರ್ಷಣ ಬದುಕಿದೆನೆಂದು ಬಾಯಿ ಮುಚ್ಚಿದ. ರಾಯರು ದುರ್ಬೀನು ಎತ್ತಿದರು. “ನಲವತ್ತೇಳು.” ಪುಸ್ತಕ ಬಿಡಿಸಿ ಗಟ್ಟಿಯಾಗಿ ಓದಿದರು. “ನಲವತ್ತೇಳು... ಸತ್ತಿದೆ.”

ಮರುಕ್ಷಣ ಮೋಹನದಾಸ ಟಾಂಕಿಯೆದುರು ಉದ್ದಂಡ ಬಿದ್ದ. “ಸತ್ತದ್ದೇ ಮತ್ತೆ! ಇವತ್ತು ಸತ್ತವರಲ್ಲದೆ ಬೇರೆ ಯಾರು ಬರ್ತಾರೆ? ಪುಸ್ತಕದಲ್ಲೇ ಉಂಟಲ್ಲ!”

ಎಲ್ಲರೂ ಕೈಮುಗಿದು ಪಾಯಸದತ್ತ ಧಾವಿಸಿದರು. ರಾಯರು ಮಾತ್ರ ಕೈಮುಗಿಯಲಿಲ್ಲ. ಸಂಕರ್ಷಣನ ಕಿವಿಯ ಹತ್ತಿರ ಬಾಗಿದರು.

“ಮೊಣಕಾಲು ಈಗ ಆರಾಮ ಅದ. ಬರೂ ಆಯ್ತವಾರ ನನ್ನ ಜೋಡಿ ದೋಣ್ಯಾಗ ಬಾರಪಾ. ಉಳದ ನಿಮ್ಮ ಹಿರ್ಯಾರನ್ನೂ ಒಬ್ಬೊಬ್ಬರನ್ನ ಎಣಿಸಿ ಬರೂಣು.”

ಸಂಕರ್ಷಣ ತಲೆ ತಗ್ಗಿಸಿದ. ಟಾಂಕಿಯ ಮೇಲಿನ ಹಕ್ಕಿ ಕೊನೆಯ ಅಗುಳು ನುಂಗಿ, ಅಪ್ಪಯ್ಯ ಕನ್ನಡಕದ ಮೇಲಿಂದ ನೋಡುತ್ತಿದ್ದ ಹಾಗೆಯೇ ಅವನನ್ನು ನೋಡಿತು.