ವನಜಳ ಗಂಟಲು ಮತ್ತು ನನ್ನ ಸಿನಿಮಾ

ಸಿನಿಮಾ ನೋಡುವುದೆಂದರೆ ನನಗೆ ಬಹಳ ಇಷ್ಟ ಎಂದು ನಾನು ಹೇಳಿದಾಗಲೆಲ್ಲ ಎದುರಿಗಿರುವವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಹೊತ್ತಿನಲ್ಲಿ ಅವರು ನನ್ನ ಕಪ್ಪು ಕನ್ನಡಕವನ್ನೂ ಬಿಳಿ ಕೋಲನ್ನೂ ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಿರುತ್ತಾರೆ ಎಂಬುದು ನನಗೆ ಕಾಣದಿದ್ದರೂ ಗೊತ್ತು. ತೀರ ಸಂಭಾವಿತರಾದರೆ, "ಕೇಳ್ತೀನಿ ಅನ್ನಿ ಸಾರ್" ಎಂದು ಮೆಲ್ಲಗೆ ತಿದ್ದುತ್ತಾರೆ. ನಾನು ಒಪ್ಪುವುದಿಲ್ಲ. ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ, ನಿಜ. ಆದರೆ ನಾನು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಇತಿಹಾಸದ ಮೇಷ್ಟ್ರುಗಳೆಲ್ಲ ತಾವು ಕಣ್ಣಾರೆ ಕಾಣದ ಯುದ್ಧಗಳನ್ನು ವರ್ಣಿಸಿಯೇ ಸಂಬಳ ತೆಗೆದುಕೊಳ್ಳುವವರು. ಅವರನ್ನು ಯಾರೂ ತಿದ್ದುವುದಿಲ್ಲ. ನಾನೊಬ್ಬ ಸಿನಿಮಾ ನೋಡುತ್ತೇನೆ ಎಂದರೆ ಯಾರಪ್ಪನ ಗಂಟು ಹೋಗುತ್ತದೆ?

ನೋಡುವುದು ಹೇಗೆ ಎಂದರೆ, ಮದುವೆಯಾದಂದಿನಿಂದ ನನ್ನ ಹೆಂಡತಿ ವನಜಳ ಬಾಯಲ್ಲಿ. ಅವಳು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳ ಟೀಚರು. ಪರದೆಯ ಮೇಲೆ ಮಾತು ನಿಂತು ಬರೀ ಸಂಗೀತ ಶುರುವಾದ ಕೂಡಲೇ ಅವಳು ನನ್ನ ಕಿವಿಯ ಹತ್ತಿರ ಬಂದು, "ಅವನು ಪತ್ರ ಹರಿದ. ಅವಳು ಕಿಟಕಿ ಹತ್ರ ನಿಂತಿದಾಳೆ. ಅಳ್ತಿಲ್ಲ" ಎಂದು ಚುಟುಕಾಗಿ ಹೇಳುತ್ತಾಳೆ. ಎಷ್ಟು ಬೇಕೋ ಅಷ್ಟೇ. ಥಿಯೇಟರಿನ ಕಾಲದಲ್ಲಿ ಹಿಂದಿನ ಸೀಟಿನವರು "ಶ್" ಎನ್ನುವುದು ಮಾಮೂಲಾಗಿತ್ತು. ಒಮ್ಮೆ ಮಾತ್ರ ಹಿಂದಿನಿಂದ ಒಬ್ಬರು ಬಾಗಿ, "ಮೇಡಂ, ಸ್ವಲ್ಪ ಜೋರಾಗಿ ಹೇಳಿ, ನನಗೂ ಏನೂ ಅರ್ಥ ಆಗ್ತಿಲ್ಲ" ಎಂದರು. ಆಮೇಲೆ ಸಿನಿಮಾಗಳೆಲ್ಲ ಮನೆಯ ಟಿವಿಗೂ ಫೋನಿಗೂ ಬಂದುಬಿಟ್ಟವು. ಗವಿಪುರದ ನಮ್ಮ ಮನೆಯ ಹಾಲಿನಲ್ಲಿ "ಶ್" ಎನ್ನುವವರಿಲ್ಲದ ಕಾರಣ ವನಜಳ ಕೆಲಸ ಇನ್ನೂ ಹೆಚ್ಚಾಯಿತು.

ಹೀಗಿರುವಾಗ ಅವಳ ಗಂಟಲು ಕೆಟ್ಟಿತು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮಕ್ಕಳ ಮೇಲೆ ಕೂಗಿ, ಸಂಜೆ ಮನೆಗೆ ಬಂದು ನನಗೆ ಸಿನಿಮಾ ಹೇಳಿ, ದನಿ ಒಡೆದು ಕಡೆಗೆ ಬರೀ ಗಾಳಿ ಬರತೊಡಗಿತು. ಡಾಕ್ಟರು ಪರೀಕ್ಷೆ ಮಾಡಿ, "ಶಾಲೇಲಿ ಮೈಕ್ ಹಾಕ್ಕೊಂಡು ಎಷ್ಟು ಬೇಕೋ ಅಷ್ಟೇ ಮಾತಾಡಿ. ಮನೇಲಿ ಮಾತ್ರ ಪೂರ್ತಿ ಮೌನ. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಏನಾದ್ರೂ ಬೇಕಾದ್ರೆ ಕೈಸನ್ನೆ ಮಾಡಿ" ಎಂದರು. ಅಷ್ಟು ಹೇಳಿದ ಮೇಲೆ ಅವರಿಗೆ ನನ್ನ ನೆನಪಾಗಿರಬೇಕು, ಕುರ್ಚಿ ಕಿರ್ರೆಂದಿತು. "ಅಥವಾ ಮೆಸೇಜ್ ಕಳಿಸಿ" ಎಂದು ಸೇರಿಸಿದರು.

ಹಾಗೆಯೇ ಆಯಿತು. ನನ್ನ ಫೋನಿನಲ್ಲಿ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಸ್ಕ್ರೀನ್ ರೀಡರ್ ಇದೆ. ಬೆರಳಿಟ್ಟ ಜಾಗದಲ್ಲಿ ಏನಿದೆಯೋ ಅದನ್ನು ಅದು ಹೇಳುತ್ತದೆ, ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಬ್ಯಾಂಕಿನ ಕೆಲಸ, ಪಾಠದ ತಯಾರಿ, ತರಕಾರಿ ತರಿಸುವುದು ಎಲ್ಲ ನನಗೆ ಅದರಲ್ಲೇ. ವನಜ ಸೋಫಾದಲ್ಲಿ ನನ್ನ ಪಕ್ಕದಲ್ಲೇ ಕೂತು ಮೆಸೇಜು ಕುಟ್ಟುವಳು, ನನ್ನ ಜೇಬಿನಿಂದ ಒಬ್ಬ ಗಂಡಸು ಮಾತಾಡುವನು. "ಕಾಫಿ ಬೇಕಾ" ಎಂದು ಆ ಗಂಡಸು ಕೇಳುವುದು ಕೋರ್ಟಿನಲ್ಲಿ ಹೆಸರು ಕೂಗಿದ ಹಾಗಿರುತ್ತಿತ್ತು. ಒಂದು ದಿನ ನಮ್ಮಿಬ್ಬರಿಗೂ ಒಗ್ಗರಣೆಯ ಇಂಗಿನ ವಿಷಯಕ್ಕೆ ಜಗಳವಾಗಿ, ನಾನು ಕೂಗಾಡುವುದು, ಅವನು ತಣ್ಣಗೆ ಉತ್ತರ ಕೊಡುವುದು ನಡೆಯಿತು. ಪಕ್ಕದ ಮನೆಯವರು ಯಾರೋ ನೆಂಟರು ಬಂದಿದ್ದಾರೆಂದು ತಿಳಿದರಂತೆ.

ಸಿನಿಮಾಕ್ಕೆ ಮಾತ್ರ ಈ ಏರ್ಪಾಡು ಒಗ್ಗಲಿಲ್ಲ. ಅವಳು ಕುಟ್ಟಿ ಮುಗಿಸುವಷ್ಟರಲ್ಲಿ ನಾಯಕಿಗೆ ಬೇರೆ ಊರಿನಲ್ಲಿ ಮದುವೆಯಾಗಿ ಹೋಗಿರುತ್ತಿತ್ತು. ಬದಲಿ ಕಾಮೆಂಟೇಟರುಗಳನ್ನು ಹಿಡಿಯಬೇಕಾಯಿತು. ಮೊದಲಿಗೆ ನಮ್ಮಮ್ಮ. ಅಮ್ಮನಿಗೆ ಏನು ನಡೆಯಿತು ಎನ್ನುವುದಕ್ಕಿಂತ ಅದು ಸರಿಯೋ ತಪ್ಪೋ ಎನ್ನುವುದು ಮುಖ್ಯ. "ಏನಾಯ್ತಮ್ಮ ಈಗ?" ಎಂದರೆ, "ಏನಾಗತ್ತೆ, ಆ ಸೊಸೆ ಲಕ್ಷಣವೇ ಸರಿಯಿಲ್ಲ, ನಾನು ಮೊದಲೇ ಹೇಳ್ದೆ" ಎನ್ನುವರು. ಸೊಸೆ ಏನು ಮಾಡಿದಳು ಎಂಬುದು ಕೊನೆಗೂ ತಿಳಿಯುವುದಿಲ್ಲ. ಅಮ್ಮನ ನಂತರ ವನಜಳ ತಮ್ಮ ಸುರೇಶ ಬಂದ. ಅವನಿಗೆ ಕಲಾಸಿಪಾಳ್ಯದ ಹತ್ತಿರ ವಾಹನಗಳ ಬಿಡಿಭಾಗದ ಅಂಗಡಿ. ಎಂಥ ದುಃಖದ ದೃಶ್ಯದಲ್ಲೂ ಅವನ ಕಣ್ಣು ಹಿಂದೆ ನಿಂತಿರುವ ಗಾಡಿಯ ಮೇಲೆ. "ಭಾವ, ಸೂಪರ್ ಕಂಡೀಷನ್ ಗಾಡಿ. ಹಳೇ ಮಾಡೆಲ್, ಆದ್ರೆ ಬಂಪರ್ ಒರಿಜಿನಲ್" ಎನ್ನುವನು. ತಾಯಿ ಸತ್ತ ದೃಶ್ಯವೊಂದನ್ನು ನಾನು ಆಂಬುಲೆನ್ಸಿನ ಸೈಲೆನ್ಸರ್ ಸಮೇತ ಅನುಭವಿಸಿದೆ.

ಈ ಮಧ್ಯೆ ವನಜಳ ಶಾಲೆಯ ಟೀಚರೊಬ್ಬರು ಒಂದು ಸುದ್ದಿ ಹೇಳಿ ಕಳಿಸಿದರು. ನಾವು ಚಂದಾ ಕಟ್ಟಿರುವ ಆ್ಯಪಿನಲ್ಲೇ ಕೆಲವು ಸಿನಿಮಾಗಳಿಗೆ ದೃಶ್ಯವಿವರಣೆ ಎಂಬ ಇನ್ನೊಂದು ಧ್ವನಿ ಇದೆಯಂತೆ. ಕಣ್ಣು ಕಾಣದವರಿಗಾಗಿಯೇ ಮಾಡಿದ್ದು. ಮಾತಿನ ಸಂದಿಯಲ್ಲಿ ಒಬ್ಬರು ಪರದೆಯಲ್ಲಿ ನಡೆಯುವುದನ್ನು ಹೇಳುತ್ತಾ ಹೋಗುತ್ತಾರಂತೆ. ನನಗೆ ಖುಷಿಯಾಗಿ ಕೂಡಲೇ ಫೋನು ತೆಗೆದೆ. ಆ್ಯಪು ತೆರೆಯಿತು. ಬೆರಳು ಸರಿಸಿದೆ. "ಚಿತ್ರ" ಎಂದಿತು ಫೋನು. ಇನ್ನೊಮ್ಮೆ ಸರಿಸಿದೆ. "ಚಿತ್ರ." ಮತ್ತೊಮ್ಮೆ. "ಚಿತ್ರ." ಯಾವ ಚಿತ್ರ ಎಂದು ಅದಕ್ಕೂ ಗೊತ್ತಿಲ್ಲ, ಏಕೆಂದರೆ ಪೋಸ್ಟರುಗಳಿಗೆ ಹೆಸರು ಬರೆಯುವುದನ್ನು ಆ್ಯಪು ಮಾಡಿದವರು ಮರೆತಿದ್ದಾರೆ. ಅಂದಾಜಿನಲ್ಲಿ ಒಂದನ್ನು ತಟ್ಟಿದೆ, ಏನೋ ಶುರುವಾಯಿತು. ದೃಶ್ಯವಿವರಣೆ ಹಾಕುವ ಜಾಗ ಹುಡುಕೋಣವೆಂದರೆ, "ಬಟನ್, ಬಟನ್, ಬಟನ್" ಎಂದಿತು. ಯಾವ ಬಟನ್ ಏನು ಮಾಡುತ್ತದೆಂದು ಲೆಕ್ಕ ಹಾಕುವಷ್ಟರಲ್ಲಿ ಬಟನ್ನುಗಳೇ ಮಾಯ. ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಅವು ತಾವಾಗಿಯೇ ಅಡಗಿಕೊಳ್ಳುತ್ತವಂತೆ, ಚಿತ್ರ ಚೆನ್ನಾಗಿ ಕಾಣಲಿ ಎಂದು. ಕಣ್ಣು ಕಾಣದವರಿಗೆಂದು ಮಾಡಿದ ಅನುಕೂಲವನ್ನು ಕಣ್ಣಿದ್ದವರು ಮಾತ್ರ ಹುಡುಕಬಲ್ಲ ಜಾಗದಲ್ಲಿ ಇಟ್ಟಿದ್ದರು. ವನಜ ಬಂದು ಒಮ್ಮೆ ಹಾಕಿಕೊಟ್ಟಳು. ಮಧ್ಯೆ ಯಾರೋ ಫೋನು ಮಾಡಿದರು, ಎಲ್ಲ ಮೊದಲಿನಂತಾಯಿತು. ಮತ್ತೆ ಕರೆದೆ, ಮತ್ತೆ ಬಂದಳು. ಹೊಸ ಸಿನಿಮಾ ಹಾಕಿದರೆ ಮತ್ತೆ ಮೊದಲಿನಿಂದ. ನಾಲ್ಕನೇ ಸಲ ನಾನು "ವನಜಾ" ಎಂದು ಕೂಗಿದಾಗ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟ ಶಬ್ದ ಕೇಳಿ ನಾನೇ ಸುಮ್ಮನಾದೆ.

ಅಂದು ಸಂಜೆ ಅವಳು ಪಕ್ಕದಲ್ಲಿ ಕೂತು ಬಹಳ ಹೊತ್ತು ಏನೋ ಕುಟ್ಟಿದಳು. ಅಳಿಸಿ ಮತ್ತೆ ಕುಟ್ಟಿದ ಹಾಗಿತ್ತು. ಜೇಬಿನ ಗಂಡಸು ಎಂದಿನ ಏರಿಳಿತವಿಲ್ಲದ ದನಿಯಲ್ಲಿ ಓದಿದ: "ಬೇಜಾರು ಮಾಡ್ಕೋಬೇಡಿ. ಮದುವೆ ಆದಾಗಿನಿಂದ ನಾನು ಒಂದು ಸಿನಿಮಾನೂ ಸುಮ್ನೆ ಕೂತು ನೋಡಿಲ್ಲ. ಮುಂದೆ ಏನು ಹೇಳ್ಬೇಕು ಅನ್ನೋದೇ ತಲೇಲಿ ಇರುತ್ತೆ. ನಿಮ್ಮ ಪಕ್ಕದಲ್ಲೇ ಕೂತು, ಮಾತಾಡದೆ, ಒಂದೇ ಒಂದು ಸಿನಿಮಾ ನೋಡ್ಬೇಕು ಅಂತ ಆಸೆ." ನನಗೆ ಬೇಜಾರಾಗಲಿಲ್ಲ, ನಾಚಿಕೆಯಾಯಿತು. ಅವಳ ದನಿ ಸರಿಹೋದ ಮೇಲೆ ಅದನ್ನು ಮತ್ತೆ ಈ ಕೆಲಸಕ್ಕೆ ಹಚ್ಚಬಾರದು, ಅಷ್ಟರೊಳಗೆ ಆ ಬಟನ್ನುಗಳಿಗೆ ಹೆಸರಿಡಿಸಲೇಬೇಕು ಎಂದು ಹಟ ಹುಟ್ಟಿತು.

ಆ್ಯಪಿನ ಕಂಪನಿಗೆ ದೂರು ಬರೆದೆ. ಉತ್ತರ ಬಹಳ ವಿನಯವಾಗಿ ಬಂತು. ತೊಂದರೆ ಇರುವ ಜಾಗದ ಫೋಟೋ ತೆಗೆದು, ಅದಕ್ಕೆ ಕೆಂಪು ಗೆರೆಯಲ್ಲಿ ಸುತ್ತು ಹಾಕಿ ಕಳಿಸಬೇಕಂತೆ. ಸುರೇಶನಿಗೆ ಹೇಳಿದೆ. ಅವನು ಎಲ್ಲಿ ಸುತ್ತು ಹಾಕಲಿ ಎಂದು ಕೇಳಿದ, ನಾನು ತೊಂದರೆ ಎಲ್ಲ ಕಡೆಯೂ ಇದೆ ಎಂದೆ. ಪರದೆಯ ಅಂಚಿಗೇ ಸುತ್ತು ಹಾಕಿ ಕಳಿಸಿದ. ಅವರಿಗೆ ಅರ್ಥವಾಗಲಿಲ್ಲ. ಸರಿ, ಫೋನು ಏನು ಮಾತಾಡುತ್ತದೆಂದು ಅವರೇ ಕೇಳಲಿ ಎಂದು ರೆಕಾರ್ಡ್ ಮಾಡಿ ಕಳಿಸಿದೆ. "ನಿಮ್ಮ ಫೋನಿನ ಸ್ಪೀಕರ್ ಹಾಳಾಗಿದೆ, ದಯವಿಟ್ಟು ರಿಪೇರಿ ಮಾಡಿಸಿ" ಎಂದು ಉತ್ತರ ಬಂತು. ಸ್ಪೀಕರಿಗೆ ಏನೂ ಆಗಿರಲಿಲ್ಲ. ವನಜಳ ಮೆಸೇಜುಗಳನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಅಭ್ಯಾಸಬಲದಿಂದ ನಾನು ಸ್ಕ್ರೀನ್ ರೀಡರನ್ನು ಬಹಳ ವೇಗವಾಗಿ ಓಡಿಸುತ್ತೇನೆ, ಹೊರಗಿನವರಿಗೆ ಅದು ಮಿಕ್ಸಿಯಲ್ಲಿ ಚಟ್ನಿ ತಿರುಗಿದಂತೆ ಕೇಳುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ. ಅದರ ವೇಗ ಇಳಿಸಿ ಇನ್ನೊಂದು ಕಳಿಸಿದೆ. ಈ ಸಲ ಫೋನೇ ಬಂತು.

ಮಾತಾಡಿದವಳು ಶಿಲ್ಪಾ ಎಂಬ ಎಂಜಿನಿಯರು, ಆ ಬಟನ್ನುಗಳನ್ನು ಮಾಡಿದ ತಂಡದವಳು. "ಸಾರ್, ನನ್ನ ಫೋನಲ್ಲಿ ಎಲ್ಲಾ ಚೆನ್ನಾಗೇ ಕಾಣ್ತಿದೆಯಲ್ಲ" ಎಂದಳು. ಮಲ್ಲೇಶ್ವರದವಳಂತೆ. ನಮ್ಮ ಬಸವನಗುಡಿ ಕಡೆಯವರ ದೂರನ್ನು ಹಳೇ ಪೈಪೋಟಿಯ ಮಲ್ಲೇಶ್ವರದವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. "ಕಾಣತ್ತಮ್ಮ, ಅದೇ ತೊಂದ್ರೆ. ಸ್ಕ್ರೀನ್ ರೀಡರ್ ಹಾಕಿ, ಕಣ್ಮುಚ್ಚಿ ಒಂದು ಸಿನಿಮಾ ಹಾಕಿ ನೋಡಿ" ಎಂದೆ.

ಮಾರನೆಯ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು. ಶಿಲ್ಪಾಳೇ, ಸಹೋದ್ಯೋಗಿಯ ಫೋನಿನಿಂದ, ಪಿಸುದನಿಯಲ್ಲಿ. "ಸಾರ್, ನನ್ನ ಫೋನ್ ಮಾತಾಡೋದು ನಿಲ್ಲಿಸ್ತಾನೇ ಇಲ್ಲ. ಏನು ಒತ್ತಿದ್ರೂ ಒತ್ತಿದ್ದರ ಹೆಸರು ಹೇಳತ್ತೆ, ತೆಗೆಯಲ್ಲ. ಮೀಟಿಂಗಲ್ಲಿ ನಮ್ಮಮ್ಮನ ಮೆಸೇಜ್ ಓದಿಬಿಡ್ತು, ಜಯನಗರದ ಹುಡುಗ, ಎತ್ತರ ಸ್ವಲ್ಪ ಕಮ್ಮಿ, ಆದ್ರೆ ಸಾಧು ಅಂತ. ನಮ್ಮ ಮ್ಯಾನೇಜರ್ ಎದುರಿಗೆ. ಅಮ್ಮ ಬೇರೆ ಫೋನ್ ಮೇಲೆ ಫೋನ್ ಮಾಡ್ತಿದಾರೆ, ಎತ್ತೋಕೂ ಆಗ್ತಿಲ್ಲ. ಆಫ್ ಮಾಡೋದು ಹೇಗೆ ಹೇಳಿ ಸಾರ್." ಆಫ್ ಮಾಡುವುದು ಬಹಳ ಸುಲಭ. ವಾಲ್ಯೂಮಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ಆದರೆ ಇಂಥ ಅವಕಾಶ ಮೇಷ್ಟರಿಗೆ ದಿನವೂ ಸಿಗುವುದಿಲ್ಲ. "ಹೇಳ್ತೀನಮ್ಮ. ಮೊದಲು ಅದರಲ್ಲೇ ನಿಮ್ಮ ಆ್ಯಪ್ ತೆಗೆದು, ದೃಶ್ಯವಿವರಣೆ ಹಾಕಿ" ಎಂದೆ.

"ಸಾರ್, ಇದು ಬ್ಲ್ಯಾಕ್‌ಮೇಲ್."

"ಅಲ್ಲಮ್ಮ, ಪ್ರಾಕ್ಟಿಕಲ್ಸು."

ಎರಡು ಸಲ ತಟ್ಟುವುದನ್ನು ಹೇಳಿಕೊಟ್ಟೆ. ಆ ಕಡೆಯಿಂದ "ಚಿತ್ರ, ಚಿತ್ರ" ಎಂಬ ಪರಿಚಿತ ಮಂತ್ರ ಕೇಳಿಸಿತು. ಆಮೇಲೆ "ಬಟನ್, ಬಟನ್". ಆಮೇಲೆ ಶಿಲ್ಪಾಳ ದನಿ, "ಅಯ್ಯೋ, ಎಲ್ಲಿ ಹೋಯ್ತು? ಇಲ್ಲೇ ಇತ್ತಲ್ಲ." ಒಬ್ಬ ಗಂಡಸು, ಬಹುಶಃ ಮ್ಯಾನೇಜರು, "ಕೊಡಿ ಇಲ್ಲಿ, ನಾನು ನೋಡ್ತೀನಿ" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವರೂ "ಎಲ್ಲಿ ಹೋಯ್ತು?" ಎಂದರು. ಆಗ ನನಗೆ ಕರುಣೆ ಬಂದು ಎರಡು ಗುಂಡಿಗಳ ಗುಟ್ಟು ಬಿಟ್ಟುಕೊಟ್ಟೆ. ಫೋನು ತಣ್ಣಗಾಯಿತು. ಶಿಲ್ಪಾ, "ಸಾರ್, ದಿನಾ ಹೀಗೇನಾ ನಿಮಗೆ?" ಎಂದು ಕೇಳಿದಳು. ದಿನಾ ಹೀಗೇ ಎಂದೆ. "ಮಾಡ್ತೀವಿ ಸಾರ್" ಎಂದಳು. ನಾನು ಅಷ್ಟೇನೂ ನಂಬಲಿಲ್ಲ. ಮಾಡುತ್ತೇವೆ ಎಂದ ಎಷ್ಟೋ ಜನರನ್ನು ನಾನು ಇತಿಹಾಸದಲ್ಲಿ ಕಂಡಿದ್ದೇನೆ.

ಆದರೆ ಮಾಡಿದರು. ಕೆಲವು ವಾರಗಳಾದ ಮೇಲೆ ಅವಳ ಮೆಸೇಜು ಬಂತು, ಆ್ಯಪನ್ನು ಅಪ್‌ಡೇಟ್ ಮಾಡಿಕೊಳ್ಳಿ ಎಂದು. ಮಾಡಿಕೊಂಡು ಬೆರಳಿಟ್ಟೆ. ಫೋನು ಸಿನಿಮಾದ ಹೆಸರು ಹೇಳಿತು. ಸರಿಸಿದೆ, ಇನ್ನೊಂದು ಹೆಸರು. ಒಳಗೆ ಹೋದೆ. "ಪ್ಲೇ, ಬಟನ್. ಹಿಂದಕ್ಕೆ, ಬಟನ್. ದೃಶ್ಯವಿವರಣೆ, ಬಟನ್." ನಾನು ಬೇಕೆಂದೇ ಕೈ ಕಟ್ಟಿ ಕೂತೆ. ಬಟನ್ನುಗಳು ಎಲ್ಲಿಗೂ ಓಡಿಹೋಗಲಿಲ್ಲ. ನಾನು ಬರುವವರೆಗೂ ಕಾಯುತ್ತಾ ಇದ್ದವು. ಹೊಸ ಸಿನಿಮಾ ಹಾಕಿದರೂ ವಿವರಣೆ ಹಾಗೆಯೇ ಉಳಿಯಿತು. ಮನಸ್ಸು ಎಷ್ಟು ಹಗುರವಾಯಿತೆಂದರೆ, ನೋಡಬೇಕೆಂಬ ಆಸೆಯಿಲ್ಲದ ಸಿನಿಮಾಗಳನ್ನೂ ಒಂದೊಂದು ನಿಮಿಷ ಹಾಕಿ ನಿಲ್ಲಿಸಿದೆ, ನಿಲ್ಲಿಸಲು ಬರುತ್ತದಲ್ಲ ಎಂಬ ಸಂತೋಷಕ್ಕೆ. ಯಾರನ್ನೂ ಕೂಗಲಿಲ್ಲ.

ಭಾನುವಾರ ಸಂಜೆ ವನಜಳನ್ನು ಕೈಹಿಡಿದು ಕೂರಿಸಿದೆ. ಅಷ್ಟು ಹೊತ್ತಿಗೆ ಡಾಕ್ಟರು, ಮನೆಯಲ್ಲೂ ಎರಡು ಮಾತಾಡಬಹುದು ಎಂದು ಅಪ್ಪಣೆ ಕೊಟ್ಟಿದ್ದರು. ಅವಳು ಅದನ್ನು ತೀರ ಜಿಪುಣತನದಿಂದ ಖರ್ಚು ಮಾಡುತ್ತಿದ್ದಳು. ಒಂದು ಕೊಲೆಯ ಕಥೆ ಆರಿಸಿದೆವು. ಅವಳಿಗೆ ಟಿವಿಯಲ್ಲಿ ಸಿನಿಮಾ, ನನಗೆ ಅದೇ ಸಿನಿಮಾ ಫೋನಿನಲ್ಲಿ, ವಿವರಣೆ ಸಮೇತ, ಇಯರ್‌ಫೋನು ಹಾಕಿಕೊಂಡು. ಇಬ್ಬರೂ ಏಕಕಾಲಕ್ಕೆ ಒತ್ತಿದೆವು. ನನ್ನ ಒತ್ತು ಸ್ವಲ್ಪ ಮುಂದಾಗಿರಬೇಕು, ನನ್ನ ಸಿನಿಮಾ ಅವಳದಕ್ಕಿಂತ ಒಂದು ಉಸಿರಿನಷ್ಟು ಮುಂದೆ ಓಡುತ್ತಿತ್ತು. ವನಜ ಕಾಲು ಮೇಲೆ ಹಾಕಿಕೊಂಡು, ಸೋಫಾಕ್ಕೆ ಒರಗಿ, ಒಂದೂ ಮಾತಿಲ್ಲದೆ ನೋಡುತ್ತಿದ್ದಳು. ಅವಳ ನಿಡಿದಾದ ಉಸಿರು ನನ್ನ ಭುಜಕ್ಕೆ ತಾಕುತ್ತಿತ್ತು. ಇಷ್ಟು ನಿರಾಳವಾಗಿ ನಾವಿಬ್ಬರೂ ಒಟ್ಟಿಗೆ ಕೂತ ನೆನಪು ನನಗಿಲ್ಲ. ಅಮ್ಮ ಕೂಡ ಒಳಗಿನಿಂದ ಬಂದು ಕೂತರು, ಆದರೆ ತೀರ್ಪು ಕೊಡದೆ ನಿದ್ದೆ ಹೋದರು.

ಕಥೆ ಬಿಗಿಯಾಯಿತು. ನಾಯಕಿ ಒಬ್ಬಳೇ ಕೋಣೆಯೊಳಗೆ ಬಂದಳು. ನನ್ನ ಕಿವಿಯೊಳಗೆ ವಿವರಣೆ ಹೇಳುತ್ತಿದ್ದ ಹೆಂಗಸು ಮೆಲ್ಲಗೆ, "ಕಿಟಕಿಯ ಪರದೆಯ ಕೆಳಗೆ ಒಂದು ಜೊತೆ ಬೂಟು ಕಾಣುತ್ತದೆ" ಎಂದಳು. ಎದೆ ಧಸಕ್ಕೆಂದಿತು. ಇದನ್ನು ವನಜ ಗಮನಿಸಿರುತ್ತಾಳೋ ಇಲ್ಲವೋ. ಅವಳು ನಾಯಕಿಯ ಸೀರೆ ನೋಡುತ್ತಾ ಕೂತಿದ್ದರೆ ಗತಿಯೇನು. ತಡೆಯಲಾಗಲಿಲ್ಲ. ಮೊಣಕೈಯಿಂದ ತಿವಿದು, "ಪರದೆ ಕೆಳಗೆ ನೋಡು, ಬೂಟು. ಅವನು ಅಲ್ಲೇ ಇದಾನೆ" ಎಂದೆ.

ವನಜ ಆ ದಿನದ ಎರಡು ಮಾತುಗಳನ್ನು ಅಲ್ಲೇ ಖರ್ಚು ಮಾಡಿದಳು.

"ಸುಮ್ನಿರಿ ಸ್ವಲ್ಪ. ನನಗೆ ಕಣ್ಣಿದೆ."

ಸುಮ್ಮನಾದೆ. ಕೊಲೆಗಾರ ಹೊರಗೆ ಬಂದ. ನನಗೆ ಮೊದಲು, ಆಮೇಲೆ ಅವಳಿಗೆ. ಅವಳು ಬೆಚ್ಚಿ ನನ್ನ ಕೈ ಹಿಡಿದಾಗ, ನಾನೂ ಆಗಷ್ಟೇ ಬೆಚ್ಚಿದವನಂತೆ ನಟಿಸಿದೆ.