ಇಂಟರೆಸ್ಟ್ ಹತ್ತು ಕಡೆ, ಇಂಟೆಂಟ್ ಒಂದೇ ಕಡೆ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿನ ನಮ್ಮ ಬೀದಿಯಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬೇಕಾದರೂ ನನ್ನ ಮನೆ ಬೆಲ್ ಒತ್ತುತ್ತಾರೆ. ಒತ್ತಿದ ಮೇಲೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಆದರೂ ನನಗೆ ನನ್ನ ಇಂಗ್ಲಿಷಿನ ಮೇಲೆ ಜಂಬವಿತ್ತು. ಅದು ಇಳಿದದ್ದು ಹೋದ ಚಳಿಗಾಲದಲ್ಲಿ.

ಹೆಂಡತಿಯ ಅಕ್ಕನ ಮಗಳು ಧಾರವಾಡದಲ್ಲಿ ಎಂಬಿಬಿಎಸ್ ಮುಗಿಸಿ, ಇಲ್ಲಿನ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ, ಅಂದರೆ ಮುಂದಿನ ತರಬೇತಿಯ ಸೀಟು, ಹುಡುಕುತ್ತ ನಮ್ಮ ಮನೆಯಲ್ಲಿದ್ದಳು. ಹಿಂದಿನ ವರ್ಷ ಎಲ್ಲೂ ಸಿಕ್ಕಿರಲಿಲ್ಲ. "ಈ ಸಲಾನೂ ಆಗಲಿಲ್ಲಂದ್ರ ಊರಿಗೆ ಹೊಂಟೆ ಕಾಕಾ, ಮತ್ತ ಈ ಕಡೆ ಮುಖಾ ಹಾಕಂಗಿಲ್ಲ" ಎಂದಿದ್ದಳು. ಅದನ್ನು ಕೇಳಿ ನಮ್ಮಿಬ್ಬರಿಗೂ ಸಂಕಟವಾಗಿತ್ತು.

ಮೊದಲನೆಯ ಕಾಗದ

ಇಂಟರ್‌ವ್ಯೂಗೆ ಕರೆಯದ ಆಸ್ಪತ್ರೆಗಳಿಗೆ "ಲೆಟರ್ ಆಫ್ ಇಂಟರೆಸ್ಟ್" ಬರೆಯಬೇಕಂತೆ. ನಿಮ್ಮಲ್ಲಿ ನನಗೆ ಆಸಕ್ತಿಯಿದೆ, ದಯವಿಟ್ಟು ನನ್ನ ಅರ್ಜಿ ಇನ್ನೊಮ್ಮೆ ನೋಡಿ ಎಂದು. ಎಷ್ಟು ಕಡೆಗಾದರೂ ಕಳಿಸಬಹುದು.

"ಅದೇನು ಮಹಾ!" ಎಂದು ನಾನೇ ಕೂತು ಬರೆದೆ. ಮೈಸೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು ಕಲಿಸಿದ್ದ ಧಾಟಿಯಲ್ಲೇ ಶುರುಮಾಡಿದೆ: ಮಾನ್ಯರೇ, ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ. ಮುಗಿಸಿದ್ದು, ತಮ್ಮ ಈ ಉಪಕಾರಕ್ಕೆ ಸದಾ ಋಣಿ ಎಂದು. ಎಲ್ಲಾ ಘನವಾದ ಇಂಗ್ಲಿಷಿನಲ್ಲಿ.

ಹುಡುಗಿ ಎರಡು ಸಲ ಓದಿದಳು.

"ಕಾಕಾ, ಇದು ಸೀಟು ಕೇಳೂದೋ, ಎರಡು ದಿನಾ ಜ್ವರದ ರಜಾ ಕೇಳೂದೋ?"

ಸಾರಿನ ವಿಚಾರ

ಅವಳೇ ತಿದ್ದಿ ಬರೆದಳು. ನಾಲ್ಕು ಕಡೆ ಇಂಟರ್‌ವ್ಯೂ ಸಿಕ್ಕಿತು. ಆಮೇಲೆ ಬಂದದ್ದು "ಲೆಟರ್ ಆಫ್ ಇಂಟೆಂಟ್"ನ ಸರದಿ: ನಾನು ಬಯಸುವ ಆಸ್ಪತ್ರೆಗಳ ಪಟ್ಟಿಯಲ್ಲಿ ನೀವೇ ಮೊದಲು, ಸೀಟು ಕೊಟ್ಟರೆ ನಿಮ್ಮಲ್ಲಿಗೇ ಬರುತ್ತೇನೆ ಎನ್ನುವ ಮಾತು. ಇದನ್ನು ಒಂದೇ ಆಸ್ಪತ್ರೆಗೆ ಬರೆಯಬೇಕು.

ನನಗೆ ತಲೆಬುಡ ತಿಳಿಯಲಿಲ್ಲ. "ನಾಲ್ಕಕ್ಕೂ ನೀವೇ ಮೊದಲು ಅಂತ ಬರೆದರೇನು? ಅವರೇನು ಪರಸ್ಪರ ಕೇಳ್ತಾರಾ?"

"ಅದು ಸುಳ್ಳಾಗ್ತದ ಕಾಕಾ."

"ಅಯ್ಯೋ, ನಾವು ನಾಲ್ಕು ಮನೆಗೆ ಊಟಕ್ಕೆ ಹೋದರೆ ನಾಲ್ಕು ಕಡೆಯೂ ನಿಮ್ಮ ಮನೆ ಸಾರಿನಂಥ ಸಾರು ಎಲ್ಲೂ ಇಲ್ಲ ಅನ್ನೋದಿಲ್ವೇ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ರೀ, ಇಪ್ಪತ್ತು ವರ್ಷದಿಂದ ನನ್ನ ಸಾರಿಗೆ ಹೇಳಿದ್ದು ಇಂಟರೆಸ್ಟೋ, ಇಂಟೆಂಟೋ?"

ನಾಲ್ಕು ಮೂಲೆ

ಮ್ಯಾನ್‌ಹಟನ್ನಿನ ದೊಡ್ಡ ಆಸ್ಪತ್ರೆ ಬಿಟ್ಟು, ನ್ಯೂಜೆರ್ಸಿಯ ಸಣ್ಣದೊಂದನ್ನೇ ಅವಳು ಆರಿಸಿದಳು. ಅಲ್ಲಿನ ಡೈರೆಕ್ಟರ್ ಯಾವುದೋ ರೋಗಿಯ ಕಥೆ ಹೇಳುತ್ತ ಇಂಟರ್‌ವ್ಯೂ ಮುಗಿಸುವುದನ್ನೇ ಮರೆತಿದ್ದರಂತೆ. ಅವಳಿಗೆ ಅದು ಹಿಡಿಸಿತ್ತು. ಹತ್ತು ಸಾಲು ಬರೆದು, ಪ್ರಿಂಟ್ ತೆಗೆದು ಸಹಿ ಹಾಕಿದಳು. ಹೆಂಡತಿ ಅದನ್ನು ಒಂದು ಗಳಿಗೆ ದೇವರ ಮುಂದಿಟ್ಟಳು. ಸ್ಕ್ಯಾನ್ ಮಾಡಿ ಈಮೇಲ್ ಕಳಿಸಿದವನು ನಾನು.

ಮರುದಿನ ಆಸ್ಪತ್ರೆಯ ಆಫೀಸಿನಿಂದ ಫೋನು. ಕಾಗದದ ನಾಲ್ಕು ಮೂಲೆಗೂ ಹಳದಿ ಕೆಂಪು ಕಲೆಗಳಿವೆ, ನೀವು ಹುಷಾರಾಗಿದ್ದೀರಿ ತಾನೇ, ಏನಾದರೂ ಗಾಯವಾಗಿದೆಯೇ ಎಂದು ಡೈರೆಕ್ಟರ್ ವಿಚಾರಿಸುತ್ತಿದ್ದಾರಂತೆ.

ಹೆಂಡತಿ ಅರಿಶಿನ ಕುಂಕುಮ ಹಚ್ಚಿದ್ದಳು. ಲಗ್ನಪತ್ರಿಕೆ ನೋಡಿ ನೋಡಿ ಪಳಗಿದ ನನ್ನ ಕಣ್ಣಿಗೆ ಅದು ಕಾಣಲೇ ಇಲ್ಲ. ಹುಡುಗಿ ತೊದಲುತ್ತ ಶುಭ ಕಾರ್ಯದ ಪದ್ಧತಿ ಎಲ್ಲ ವಿವರಿಸಿ ಫೋನಿಟ್ಟು, "ಮುಗೀತು ಕಾಕಾ" ಎಂದು ಅಳತೊಡಗಿದಳು. ನನಗೆ ಮುಖ ಎಲ್ಲಿ ಬಚ್ಚಿಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಮಾರ್ಚಿನ ಒಂದು ಸೋಮವಾರ ಸೀಟು ಹಂಚುವ ಸಂಸ್ಥೆಯಿಂದ ಈಮೇಲ್ ಬಂತು: ಸೀಟು ಸಿಕ್ಕಿದೆ. ಎಲ್ಲಿ ಎಂಬುದು ಮಾತ್ರ ಶುಕ್ರವಾರ ತಿಳಿಯುತ್ತದಂತೆ.

"ಲಗ್ನ ಗೊತ್ತಾಗೇದ, ವರಾ ಯಾರಂತ ಶುಕ್ರವಾರ ಹೇಳ್ತಾರಂತ!" ಎಂದಳು ಹೆಂಡತಿ.

ಶುಕ್ರವಾರ ನೋಡಿದರೆ ಅದೇ ಸಣ್ಣ ಆಸ್ಪತ್ರೆ! ಹುಡುಗಿ ನಗುತ್ತ ಅಳುತ್ತ ಹೆಂಡತಿಯನ್ನು ತಬ್ಬಿಕೊಂಡಳು. ನಾನೂ ಕಣ್ಣೊರೆಸಿಕೊಂಡೆ. ಸೀಟು ಸಿಕ್ಕಿದ್ದು ಇಂಟರ್‌ವ್ಯೂನಿಂದಲೇ ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಯಾರೂ ನಂಬುವುದಿಲ್ಲ. ನನಗಂತೂ ಇವತ್ತಿಗೂ ಗೊಂದಲವೇ.

ಈ ಚಳಿಗಾಲ ಬಾಸ್ಕಿಂಗ್ ರಿಡ್ಜ್ ಎಂಬ ಊರಿನಿಂದ ಒಬ್ಬ ಯುವ ಡಾಕ್ಟರು ಕಾಗದ ಹಿಡಿದು ಬಂದ. ನಾನು ಕನ್ನಡಕ ಏರಿಸಿ ಪೆನ್ನು ತೆಗೆದೆ.

"ಬೇಡ ಅಂಕಲ್, ಬರೆದಾಗಿದೆ. ಆಂಟಿ ಇದ್ದಾರಾ?"

ಹೆಂಡತಿ ಅರಿಶಿನದ ಬಟ್ಟಲು ಹಿಡಿದೇ ಹೊರಗೆ ಬಂದಳು.

"ಇಂಟರೆಸ್ಟೋ, ಇಂಟೆಂಟೋ? ಮೊದಲ ಹೇಳಿಬಿಡಪಾ. ಇಂಟರೆಸ್ಟಿಗಾದ್ರ ಒಂದ ಮೂಲಿ, ಇಂಟೆಂಟಿಗಾದ್ರ ನಾಕೂ!"