ಸಾಸಿವೆ ದಿಂಬೂ ಮೋಟ ಬಂದೂಕೂ

ಅಳಿಯನಾದವನು ಮಾವನ ಎದುರು ಜಂಬ ಕೊಚ್ಚಿಕೊಳ್ಳದೆ ಸುಮ್ಮನೆ ಕೂತಿದ್ದಾನೆಂದರೆ ಅವನಿಗೆ ಮೈಯಲ್ಲಿ ಹುಷಾರಿಲ್ಲವೆಂದೇ ಅರ್ಥ. ನನಗೆ ಅಂಥ ಕಾಯಿಲೆ ಎಂದೂ ಬಂದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಗಂಗಾವತಿಯಲ್ಲಿ ಗುಮಾಸ್ತನಾಗಿದ್ದ ನಾನು ಗೃಹರಕ್ಷಕ ದಳ ಸೇರಿದ್ದು ದೇಶಸೇವೆಗೆಂದು ಊರಿಗೆಲ್ಲ ಹೇಳಿಕೊಂಡಿದ್ದೆ. ನಿಜವೆಂದರೆ ಕುಷ್ಟಗಿ ಕಡೆಯ ನನ್ನ ಮಾವನಿಗಾಗಿ ಸೇರಿದ್ದೆ. ಮದುವೆಯ ಹೊಸತರಲ್ಲಿ ಅವರ ಅಂಗಳದಲ್ಲಿ ಜೋಳದ ಚೀಲ ಎತ್ತಲು ಹೋಗಿ, ಚೀಲದ ಕೆಳಗೆ ನಾನೇ ಸಿಕ್ಕಿಕೊಂಡಿದ್ದೆ. ಅಂದಿನಿಂದ ಆ ಮನೆಯಲ್ಲಿ ನನಗೆ ತುಂಬಿದ ತಂಬಿಗೆಯನ್ನೂ ಎತ್ತಗೊಡುತ್ತಿರಲಿಲ್ಲ. ಈ ಅವಮಾನ ತೊಳೆಯಲೆಂದೇ, "ನನ್ನ ಒಂದ ಗುಂಡೂ ಗುರಿ ತಪ್ಪಿಲ್ಲರಿ ಮಾವಾರ" ಎಂದುಬಿಟ್ಟೆ. ಅಲ್ಲಿಯವರೆಗೆ ಒಂದೂ ಹಾರಿಸಿರಲಿಲ್ಲವಾದ್ದರಿಂದ ಅದು ಸುಳ್ಳೇನೂ ಅಲ್ಲ. ಮಾವ "ಹಂಗಾರ ನೋಡೇ ಬಿಡೂಣು" ಎಂದು ಗುಂಡು ಹಾರಿಸುವ ದಿನಕ್ಕೆ ಸರಿಯಾಗಿ ಬಂದೇಬಿಟ್ಟರು.

ನಮಗೆ ಕೊಟ್ಟಿದ್ದು ಮೋಟ ಬಂದೂಕು. ಸೈನ್ಯದಿಂದ ನಿವೃತ್ತರಾಗಿ ನಮಗೆ ಕವಾಯತು ಕಲಿಸುತ್ತಿದ್ದ ಹವಾಲ್ದಾರ ಶಿವಪ್ಪನವರು ಅದರ ಜಾತಕ ಓದಿದ್ದರು. "ಬರ್ಮಾ ಅಡವ್ಯಾಗ ಗಿಡಾ ಬಳ್ಳಿಗೆ ಸಿಗಬಾರ್ದಂತ ಇಂಗ್ಲೀಷರು ಉದ್ದನ್ನ ತ್ರೀ ನಾಟ್ ತ್ರೀ ಬಂದೂಕ ಕೊಯ್ದು ಮೋಟ ಮಾಡ್ಯಾರ. ಕಟಗಿ ಕೆತ್ತ್ಯಾರ, ಕಬ್ಬಿಣ ಕೊರದಾರ. ಹಗೂರಾತು ಖರೆ, ಒದಿಯೂದು ಕಲೀತು. ಗುರಿನೂ ಅಷ್ಟ, ಇವತ್ತು ಕೂಡಿಸಿದ್ದು ನಾಳಿಗೆ ಇರೂದಿಲ್ಲ." ಬೆಂಕಿ ಕಣ್ಣಿಗೆ ಕುಕ್ಕದಿರಲೆಂದು ನಳಿಗೆಯ ತುದಿಗೆ ಸೀಮೆಎಣ್ಣೆ ಸುರಿಯುವ ಲಾಳಿಕೆಯಂಥದೊಂದು ಇತ್ತು. ಹೆಗಲಿಗೆ ಮೆತ್ತಗಿರಲೆಂದು ಹಿಂಬದಿಗೆ ಹಾಕಿದ್ದ ರಬ್ಬರು ನಮ್ಮ ಬಿಸಿಲಿಗೆ ಕಲ್ಲಾಗಿತ್ತು. ಹಿಂದಿನ ತಂಡದವನೊಬ್ಬ ಅಂಗಿ ಸರಿಸಿ ತೋರಿಸಿದ ಹೆಗಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಮನೆಯಲ್ಲಿ ಮೂರು ತಿಂಗಳ ಮಗಳಿದ್ದಳು. ಕೂಸಿನ ತಲೆ ದುಂಡಗಾಗಲೆಂದು ಅತ್ತೆಯವರು ಹಳೆಯ ಇಳಕಲ್ ಸೀರೆಯ ತುಂಡಿಗೆ ಸಾಸಿವೆ ತುಂಬಿ ಪುಟ್ಟ ದಿಂಬು ಹೊಲಿದು ಕಳಿಸಿದ್ದರು. ಅಂದು ಬೆಳಿಗ್ಗೆ ಹೆಂಡತಿ ನೀರಿಗೆ ಹೋದ ಹೊತ್ತು ನೋಡಿ, ಅದನ್ನು ಮೆಲ್ಲಗೆ ಎಳೆದುಕೊಂಡು ಮಗಳ ತಲೆಯ ಕೆಳಗೆ ನನ್ನ ಟವೆಲ್ಲು ಮಡಿಸಿಟ್ಟೆ. ಥೂ, ಹಸುಗೂಸಿನ ದಿಂಬು ಕದಿಯುವುದೆ! ನಾಚಿಕೆಯೇನೋ ಆಯಿತು, ಆದರೆ ಹೆಗಲು ನನ್ನದಲ್ಲವೆ?

ಆನೆಗೊಂದಿ ಕಡೆಯ ಬಂಡೆಗುಡ್ಡವೊಂದರ ಬುಡದಲ್ಲಿ ಬೋರಲು ಮಲಗಿದೆವು. ಮಾವ ಹಿಂದೆ ಕೊಡೆ ಹಿಡಿದು ಕೂತಿದ್ದರು. ನನಗೆ ಐದು ಗುಂಡು. ಮೊದಲೆರಡು ಒದೆತವನ್ನು ಅಂಗಿಯೊಳಗಿನ ದಿಂಬು ತಡೆಯಿತು. ಮೂರನೆಯದಕ್ಕೆ ಹೊಲಿಗೆ ಬಿಟ್ಟಿತು. ಉಳಿದೆರಡಕ್ಕೂ ಸಾಸಿವೆ ಹೊಟ್ಟೆಯ ಮೇಲೆ ಸರಸರ ಇಳಿಯತೊಡಗಿತು. ಎದ್ದು ನಿಂತೆನೋ ಇಲ್ಲವೋ, ಗುಂಡಿಗಳ ಸಂದಿಯಿಂದ, ಪ್ಯಾಂಟಿನ ಕಾಲಿನಿಂದ ಧಾರೆ! ಅತ್ತ ನನ್ನ ಗುರಿಹಲಗೆಯಲ್ಲಿ ಒಂದೂ ತೂತಿಲ್ಲ. ಪಕ್ಕದಲ್ಲಿ ಮಲಗಿದ್ದ ನಮ್ಮ ತಂಡದ ಅಂಚೆಯಣ್ಣನ ಹಲಗೆಯಲ್ಲಿ ಮಾತ್ರ ಅವನ ಐದು ಗುಂಡಿಗೆ ಆರು ತೂತು.

"ಏನ್ರಿ ಇದು ಕಾಲಾಗ?" ಎಂದು ಶಿವಪ್ಪನವರು ಗುಡುಗಿದರು.

"ಬಂದೂಕು ಹಳೇದೈತ್ರಿ ಸರ್. ಸೋರಾಕತ್ತೈತಿ" ಎಂದೆ.

ಅಷ್ಟರಲ್ಲಿ ಮಾವ ಎದ್ದು ಬಂದು, ಬಗ್ಗಿ ನಾಲ್ಕು ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡರು. ತನ್ನ ಹೊಲದ ಸಾಸಿವೆ ರೈತನಿಗೆ ಗೊತ್ತಾಗದಿರುತ್ತದೆಯೆ? ನನ್ನ ಅಂಗಿಯ ಸಂದಿಯಲ್ಲಿ ಇಣುಕುತ್ತಿದ್ದ ಇಳಕಲ್ ಅಂಚನ್ನೂ ನೋಡಿದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವರು ನಿಧಾನಕ್ಕೆ ಹವಾಲ್ದಾರರ ಕಡೆ ತಿರುಗಿದರು.

"ನಾವ ಕಟ್ಟಿ ಕಳಿಸೀವ್ರಿ ಸಾಹೇಬ್ರ. ನಮ್ಮ ಅಳಿಯರ ಗುರಿಗೆ ಯಾರದರ ದೃಷ್ಟಿ ಆದೀತಂತ."

ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶಿವಪ್ಪನವರೂ ಮೀಸೆ ಮುಚ್ಚಿಕೊಂಡು ಆಚೆ ತಿರುಗಿದರು.

ಮುಂದಿನ ವಾರ ಕುಷ್ಟಗಿ ಬಸ್ಸಿನಲ್ಲಿ ಎರಡು ಹೊಸ ಸಾಸಿವೆ ದಿಂಬು ಬಂದವು. "ಸಣ್ಣದು ಕೂಸಿಗಂತ, ದೊಡ್ಡದು ಕೂಸಿನ ಅಪ್ಪಗಂತ" ಎನ್ನುತ್ತ ಹೆಂಡತಿ ದೊಡ್ಡದನ್ನು ನನ್ನತ್ತ ಎಸೆದಳು. ಮಾನ ಮರ್ಯಾದೆ ಇರುವ ಗಂಡಸಾದರೆ ಅದೇ ಬಸ್ಸಿಗೆ ವಾಪಸು ಹಾಕುತ್ತಿದ್ದ. ನಾನು ಬಾತ ಹೆಗಲಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಅಂಥ ಸುಖದ ನಿದ್ದೆ ಮದುವೆಯಾದ ಮೇಲೆ ಬಂದೇ ಇರಲಿಲ್ಲ.